ನೀಟ್ ರ‍್ಯಾಂಕ್ ಬಂತು, ಸೀಟು ಪಡೆಯೋದು ಹೇಗೆ? ಎಂಬಿಬಿಎಸ್ ಕೌನ್ಸೆಲಿಂಗ್ ಹಂತ ಹಂತವಾಗಿ

ಪ್ರತಿ ವರ್ಷ ನೀಟ್ ಫಲಿತಾಂಶ ಬಂದ ವಾರದಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. "ಮಗಳಿಗೆ ಇಷ್ಟು ಅಂಕ ಬಂದಿದೆ, ಸೀಟು ಸಿಗುತ್ತಾ?" "ಎಲ್ಲಿ ಅರ್ಜಿ ಹಾಕಬೇಕು?" "ಒಮ್ಮೆ ಸಿಕ್ಕ ಸೀಟು ಬಿಟ್ಟರೆ ದುಡ್ಡು ಹೋಗುತ್ತಾ?" ಒಬ್ಬೊಬ್ಬರಿಗೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ. ಇದು ಮುಖ್ಯವಾಗಿ ಕರ್ನಾಟಕದ ವಿದ್ಯಾರ್ಥಿಗಳಿಗೆ.

ಮೊದಲೇ ಒಂದು ಮಾತು. ಅಂಕ, ರ‍್ಯಾಂಕ್ ಈಗ ನಿಮ್ಮ ಕೈಯಲ್ಲಿಲ್ಲ. ಕಾಗದಪತ್ರ, ಕಾಲೇಜುಗಳ ಪಟ್ಟಿ, ಯಾವ ಸುತ್ತಿನಲ್ಲಿ ಸೀಟು ಬಿಡಬಹುದು ಅನ್ನೋ ಲೆಕ್ಕ, ಈ ಮೂರು ಮಾತ್ರ ನಿಮ್ಮ ಕೈಯಲ್ಲಿವೆ. ಒಳ್ಳೆ ರ‍್ಯಾಂಕ್ ಇದ್ದೂ ಸೀಟು ಕಳೆದುಕೊಂಡವರು ಸಾಮಾನ್ಯವಾಗಿ ಎಡವಿದ್ದು ಇಲ್ಲೇ.

"ಕ್ವಾಲಿಫೈ" ಅಂದರೆ ಸೀಟು ಅಲ್ಲ

ನೀಟ್ 720 ಅಂಕಗಳ ಪರೀಕ್ಷೆ. ಅದನ್ನು ನಡೆಸುವುದು ಎನ್‌ಟಿಎ, ಅಂದರೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ. ಸೀಟು ಹಂಚುವುದು ಅದರ ಕೆಲಸ ಅಲ್ಲ. ಸಾಮಾನ್ಯ ವರ್ಗದವರು 50ನೇ ಪರ್ಸೆಂಟೈಲ್, ಎಸ್‌ಸಿ, ಎಸ್‌ಟಿ, ಒಬಿಸಿಯವರು 40ನೇ ಪರ್ಸೆಂಟೈಲ್ ಮುಟ್ಟಿದರೆ "ಕ್ವಾಲಿಫೈಡ್" ಎಂದು ಬರುತ್ತದೆ. ಪರ್ಸೆಂಟೈಲ್ ಅಂದರೆ ಶೇಕಡಾ ಅಂಕ ಅಲ್ಲ, ನಿಮಗಿಂತ ಹಿಂದೆ ಎಷ್ಟು ಮಂದಿ ಇದ್ದಾರೆ ಎಂಬ ಲೆಕ್ಕ. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆದರು, 13 ಲಕ್ಷಕ್ಕೂ ಹೆಚ್ಚು ಮಂದಿ ಕ್ವಾಲಿಫೈ ಆದರು. ಇಡೀ ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಒಂದು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಹಾಗಾಗಿ ಕ್ವಾಲಿಫೈ ಆಗೋದು ಕೌನ್ಸೆಲಿಂಗ್ (ಸೀಟು ಹಂಚುವ ಪ್ರಕ್ರಿಯೆ) ಬಾಗಿಲೊಳಗೆ ಕಾಲಿಡಲು ಟಿಕೆಟ್, ಅಷ್ಟೇ.

ಹಂತ 1: ಯಾವ ಸೀಟು ಯಾರ ಕೈಯಲ್ಲಿದೆ ತಿಳಿಯಿರಿ

ಎರಡು ಬೇರೆ ಬೇರೆ ಕೌನ್ಸೆಲಿಂಗ್ ನಡೆಯುತ್ತವೆ. ಎರಡಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಹಣ, ಬೇರೆ ಬೇರೆ ನಿಯಮ.

ಮೊದಲನೆಯದು ಎಂಸಿಸಿ, ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ. ಎಲ್ಲ ರಾಜ್ಯಗಳ ಸರ್ಕಾರಿ ಕಾಲೇಜುಗಳ ಶೇ 15ರಷ್ಟು ಸೀಟು ಇದರ ಕೈಯಲ್ಲಿದೆ. ಇದನ್ನೇ ಅಖಿಲ ಭಾರತ ಕೋಟಾ ಅನ್ನುತ್ತಾರೆ. ಸುಪ್ರೀಂ ಕೋರ್ಟ್ ನಿರ್ದೇಶನದಂತೆ 1986ರಲ್ಲಿ ಶುರುವಾದ ವ್ಯವಸ್ಥೆ ಇದು. ಜೊತೆಗೆ ಏಮ್ಸ್, ಜಿಪ್ಮರ್, ಕೇಂದ್ರೀಯ ವಿಶ್ವವಿದ್ಯಾಲಯಗಳು ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ (ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಸಂಸ್ಥೆಗಳು) ಸೀಟುಗಳೂ ಇಲ್ಲೇ.

ಎರಡನೆಯದು ಕೆಇಎ, ನಮ್ಮ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ರಾಜ್ಯದ ಸರ್ಕಾರಿ ಕಾಲೇಜುಗಳ ಉಳಿದ ಶೇ 85 ಸೀಟು ಮತ್ತು ಖಾಸಗಿ ಕಾಲೇಜುಗಳ ಸೀಟು ಇದರದು. 150 ಸೀಟಿನ ಒಂದು ಸರ್ಕಾರಿ ಕಾಲೇಜು ಅಂದುಕೊಳ್ಳಿ. ಅದರಲ್ಲಿ 22-23 ಸೀಟು ಎಂಸಿಸಿಗೆ, ಮಿಕ್ಕಿದ್ದು ಕೆಇಎಗೆ. ಹಾಗಾಗಿ ಬೆಂಗಳೂರು ವೈದ್ಯಕೀಯ ಕಾಲೇಜು ಅಥವಾ ಮೈಸೂರು ವೈದ್ಯಕೀಯ ಕಾಲೇಜು ನಿಮಗೆ ಎರಡೂ ದಾರಿಯಿಂದ ಸಿಗಬಹುದು. ಇಂಥ ಬೇಡಿಕೆಯ ಕಾಲೇಜುಗಳಿಗೆ ಅಖಿಲ ಭಾರತ ಕೋಟಾದಲ್ಲಿ ಪೈಪೋಟಿ ಸಾಮಾನ್ಯವಾಗಿ ಹೆಚ್ಚು.

ತುಂಬಾ ಮಂದಿ ಎಡವುವ ಜಾಗ ಇದು: ಮಣಿಪಾಲ ಮತ್ತು ಮಂಗಳೂರಿನ ಕೆಎಂಸಿ, ಮೈಸೂರಿನ ಜೆಎಸ್‌ಎಸ್, ಬೆಳಗಾವಿಯ ಜೆಎನ್‌ಎಂಸಿ, ವಿಜಯಪುರದ ಬಿಎಲ್‌ಡಿಇ, ಮಂಗಳೂರಿನ ಕೆ.ಎಸ್. ಹೆಗ್ಡೆ, ಯೆನೆಪೋಯ, ಕೋಲಾರದ ದೇವರಾಜ ಅರಸು ಕಾಲೇಜು, ಇವೆಲ್ಲ ಡೀಮ್ಡ್. ನಮ್ಮೂರಲ್ಲೇ ಇವೆ ಅಂತ ಕೆಇಎ ಪಟ್ಟಿಯಲ್ಲಿ ಹುಡುಕುತ್ತಾ ಕೂರಬೇಡಿ. ಇವುಗಳಿಗೆ ಎಂಸಿಸಿಯಲ್ಲಿ ನೋಂದಾಯಿಸಬೇಕು.

ಆಯುರ್ವೇದ, ಹೋಮಿಯೋಪಥಿಯ ಅಖಿಲ ಭಾರತ ಸೀಟುಗಳಿಗೆ ಎಎಸಿಸಿಸಿ ಎಂಬ ಬೇರೆಯೇ ಸಮಿತಿ ಇದೆ. ದಂತವೈದ್ಯಕೀಯ ಮಾತ್ರ ಎಂಬಿಬಿಎಸ್ ಜೊತೆಗೇ ನಡೆಯುತ್ತದೆ.

ಹಂತ 2: ಕಾಗದಪತ್ರ, ಅದೂ ಈಗಲೇ

ಎಲ್ಲರಿಗೂ ಬೇಕಾದ್ದು: ನೀಟ್ ಪ್ರವೇಶಪತ್ರ, ನೀಟ್ ಅಂಕಪಟ್ಟಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ (ಹುಟ್ಟಿದ ದಿನಾಂಕಕ್ಕೂ ಇದೇ ಆಧಾರ), ದ್ವಿತೀಯ ಪಿಯು ಅಂಕಪಟ್ಟಿ, ಗುರುತಿನ ಚೀಟಿ, ವರ್ಗಾವಣೆ ಪತ್ರ, ಮತ್ತು ನೀಟ್ ಅರ್ಜಿಯಲ್ಲಿ ಹಾಕಿದ ಅದೇ ಫೋಟೋದ ಎಂಟು ಹತ್ತು ಪ್ರತಿ. ಸಿಬಿಎಸ್‌ಇ ಅಥವಾ ಬೇರೆ ಬೋರ್ಡಿನವರು ಮೈಗ್ರೇಷನ್ ಪತ್ರವನ್ನೂ ಇಟ್ಟುಕೊಳ್ಳಿ. ಎಲ್ಲದಕ್ಕೂ ಮೂರು ಸೆಟ್ ಜೆರಾಕ್ಸ್ ಮಾಡಿಸಿ, ಫೋನಿನಲ್ಲೂ ಸ್ಕ್ಯಾನ್ ಇರಲಿ. ಕಾಲೇಜಿಗೆ ಸೇರಿದ ದಿನ ಮೂಲ ದಾಖಲೆಗಳು ಅವರ ಕೈ ಸೇರುತ್ತವೆ, ಆಮೇಲೆ ಒಂದು ಜೆರಾಕ್ಸಿಗೂ ಪರದಾಡಬೇಕಾಗುತ್ತದೆ.

ಕೆಇಎಗೆ ಇನ್ನೂ ಕೆಲವು ಬೇಕು. ಕರ್ನಾಟಕದವರು ಎಂದು ತೋರಿಸಲು ಹೆಚ್ಚಿನವರು ಬಳಸುವ ನಿಯಮ ಇದು: 1ನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರಬೇಕು. ಇದಕ್ಕೆ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ತರಬೇಕು, ಅದರ ಮೇಲೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಇರಬೇಕು. ಮೂರು ಊರಲ್ಲಿ ಓದಿದ ಮಕ್ಕಳಿದ್ದರೆ ಮೂರು ಬಿಇಒ ಕಚೇರಿ ಸುತ್ತಬೇಕು. ಫಲಿತಾಂಶ ಬರುವವರೆಗೆ ಕಾಯುವುದು ಬೇಡ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

1ರಿಂದ 10ನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಕನ್ನಡ ಮಾಧ್ಯಮದ ಮೀಸಲಾತಿ ಇದೆ. ಮೊದಲನೆಯದು ಶೇ 15, ಎರಡನೆಯದು ಶೇ 5. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರಿಗೆ ಸಂವಿಧಾನದ 371ಜೆ ವಿಧಿಯ ಸೌಲಭ್ಯ ಇದೆ. ಆ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ, ಉಳಿದ ಕಡೆ ಶೇ 8. ಅರ್ಹತಾ ಪತ್ರ ಕೈಯಲ್ಲಿದ್ದೂ ಅರ್ಜಿಯಲ್ಲಿ ಟಿಕ್ ಮಾಡಲು ಮರೆತವರನ್ನು ಕಂಡಿದ್ದೇನೆ. ಅರ್ಜಿಯಲ್ಲಿ ಕೇಳದಿದ್ದರೆ ಯಾರೂ ಕರೆದು ಕೊಡುವುದಿಲ್ಲ.

ಜಾತಿ ಪ್ರಮಾಣಪತ್ರದ ಗೊಂದಲ ಎಲ್ಲಕ್ಕಿಂತ ಜಾಸ್ತಿ, ಸ್ವಲ್ಪ ನಿಧಾನವಾಗಿ ಓದಿ. ಕೆಇಎಗೆ ರಾಜ್ಯದ ಪಟ್ಟಿ ಲೆಕ್ಕ: ಎಸ್‌ಸಿ, ಎಸ್‌ಟಿ, ಪ್ರವರ್ಗ 1, 2ಎ, 2ಬಿ, 3ಎ, 3ಬಿ. ನಾಡಕಚೇರಿಯಿಂದ ಪಡೆದ ಪತ್ರದ ಮೇಲೆ ಆರ್‌ಡಿ ಸಂಖ್ಯೆ ಇರುತ್ತದೆ, ಅದನ್ನೇ ಅರ್ಜಿಯಲ್ಲಿ ಹಾಕುವುದು. ಒಂದು ಅಂಕಿ ತಪ್ಪಿದರೂ ಆ ಮೀಸಲಾತಿ ಪರಿಶೀಲನೆ ಆಗುವುದಿಲ್ಲ. ಎಂಸಿಸಿಯಲ್ಲಿ 2ಎ, 3ಬಿ ಇವೆಲ್ಲ ನಡೆಯುವುದಿಲ್ಲ. ಅಲ್ಲಿರುವುದು ಎಸ್‌ಸಿ ಶೇ 15, ಎಸ್‌ಟಿ ಶೇ 7.5, ಒಬಿಸಿ ಶೇ 27, ಇಡಬ್ಲ್ಯೂಎಸ್ (ಈ ಮೀಸಲಾತಿಗಳಿಲ್ಲದ, ಆರ್ಥಿಕವಾಗಿ ಹಿಂದುಳಿದವರು) ಶೇ 10. ಒಬಿಸಿ ಅಂದರೆ ಕೇಂದ್ರದ ಪಟ್ಟಿಯಲ್ಲಿರುವ ಜಾತಿ, ಕೇಂದ್ರದ ನಮೂನೆಯ ಪತ್ರ, ಕೆನೆಪದರಕ್ಕೆ (ಆ ವರ್ಗದಲ್ಲೇ ಅನುಕೂಲಸ್ಥರು) ಸೇರದವರು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಹಾಗಾಗಿ ಒಬ್ಬರೇ ವಿದ್ಯಾರ್ಥಿ ಕೆಇಎಯಲ್ಲಿ ಹಿಂದುಳಿದ ವರ್ಗ, ಎಂಸಿಸಿಯಲ್ಲಿ ಸಾಮಾನ್ಯ ವರ್ಗ ಆಗುವುದುಂಟು. ಒಬಿಸಿ, ಇಡಬ್ಲ್ಯೂಎಸ್ ಪತ್ರಗಳು ಆಯಾ ಹಣಕಾಸು ವರ್ಷದವು ಇರಬೇಕು. ಹೋದ ವರ್ಷ ಅಣ್ಣನಿಗೆ ಮಾಡಿಸಿದ್ದು ಈ ವರ್ಷ ತಂಗಿಗೆ ಬರುವುದಿಲ್ಲ.

ಹಂತ 3: ಎರಡೂ ಕಡೆ ನೋಂದಣಿ

ನೀಟ್ ಅರ್ಜಿ ಹಾಕಿದ್ದೇನೆ, ಇನ್ನೇನು ಬೇಕು ಅಂದುಕೊಳ್ಳಬೇಡಿ. ಎಂಸಿಸಿಗೆ ಬೇರೆ ನೋಂದಣಿ, ಕೆಇಎಗೆ ಬೇರೆ ನೋಂದಣಿ. ಸಿಇಟಿಗೆ ಅರ್ಜಿ ಹಾಕದೆ ನೀಟ್ ಮಾತ್ರ ಬರೆದವರಿಗೆ ಕೆಇಎ ಯುಜಿನೀಟ್ ಹೆಸರಲ್ಲಿ ಅರ್ಜಿಗೆ ಅವಕಾಶ ಕೊಡುತ್ತದೆ. ಆ ಕಿಟಕಿ ಕೆಲವೇ ದಿನ ತೆರೆದಿರುತ್ತದೆ. ಸಿಇಟಿ ಅರ್ಜಿ ಹಾಕಿದವರೂ ನೀಟ್ ವಿವರ ತುಂಬುವ ಪ್ರಕಟಣೆ ಬಂದಾಗ ತಪ್ಪದೆ ತುಂಬಬೇಕು.

ಎಂಸಿಸಿಯ ಹಣದ ಲೆಕ್ಕ ಇಷ್ಟು. ಅಖಿಲ ಭಾರತ ಕೋಟಾ ಮತ್ತು ಕೇಂದ್ರದ ಸಂಸ್ಥೆಗಳಿಗೆ ಸಾಮಾನ್ಯ ವರ್ಗಕ್ಕೆ ನೋಂದಣಿ ಶುಲ್ಕ 1,000 ರೂಪಾಯಿ, ಠೇವಣಿ 10,000. ಎಸ್‌ಸಿ, ಎಸ್‌ಟಿ, ಒಬಿಸಿ ಮತ್ತು ಅಂಗವಿಕಲರಿಗೆ 500 ಮತ್ತು 5,000. ಡೀಮ್ಡ್ ಕೂಡ ಬೇಕು ಅಂದರೆ ಎಲ್ಲರಿಗೂ 5,000 ಶುಲ್ಕ ಮತ್ತು 2 ಲಕ್ಷ ಠೇವಣಿ. ನೋಂದಣಿ ಶುಲ್ಕ ವಾಪಸ್ ಬರುವುದಿಲ್ಲ, ಠೇವಣಿ ಬರುತ್ತದೆ, ನಿಯಮ ಮುರಿಯದಿದ್ದರೆ. ಡೀಮ್ಡ್ ಕಾಲೇಜಿನ ವಾರ್ಷಿಕ ಶುಲ್ಕ ಕಟ್ಟುವ ಶಕ್ತಿ ಇಲ್ಲದವರು "ನೋಡೋಣ" ಅಂತ ಸುಮ್ನೆ 2 ಲಕ್ಷ ಇಡಬೇಡಿ.

ಹಂತ 4: ಕಾಲೇಜುಗಳ ಪಟ್ಟಿ

ಇಡೀ ಪ್ರಕ್ರಿಯೆಯಲ್ಲಿ ಅತಿ ಮುಖ್ಯ ಕೆಲಸ ಇದೇ, ಅತಿ ಕಡಿಮೆ ಸಮಯ ಕೊಡುವುದೂ ಇದಕ್ಕೇ. ಎಂಸಿಸಿಯಲ್ಲಿ ಇದು ಛಾಯ್ಸ್ ಫಿಲ್ಲಿಂಗ್, ಕೆಇಎಯಲ್ಲಿ ಆಪ್ಷನ್ ಎಂಟ್ರಿ. ನಿಮಗೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಜೋಡಿಸುವುದು.

ಗಣಕದ ಕೆಲಸ ಸರಳ. ನಿಮ್ಮ ಸರದಿ ಬಂದಾಗ ಅದು ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತದೆ. ಆ ಹೊತ್ತಿಗೆ ಖಾಲಿ ಇರುವ, ನಿಮಗೆ ಅರ್ಹತೆ ಇರುವ ಮೊದಲ ಸೀಟನ್ನು ಕೊಡುತ್ತದೆ. ಅಲ್ಲಿಗೆ ಮುಗಿಯಿತು. ಮೇಲೆ ದೊಡ್ಡ ಕಾಲೇಜು ಬರೆದಿದ್ದಕ್ಕೆ ಕೆಳಗಿನ ಸೀಟು ತಪ್ಪುವುದಿಲ್ಲ. ಇದು ಅರ್ಥವಾಗದೆ ಜನ ಹಿಂದಿನ ವರ್ಷದ ಕಟಾಫ್ (ಆ ಕಾಲೇಜಿನಲ್ಲಿ ಸೀಟು ಸಿಕ್ಕ ಕೊನೆಯ ರ‍್ಯಾಂಕ್) ಕ್ರಮದಲ್ಲಿ, "ನನಗೆ ಸಿಗಬಹುದಾದ್ದು ಮೊದಲು" ಅಂತ ಬರೆಯುತ್ತಾರೆ. ನನಗೆ ಗೊತ್ತಿರುವ ಹುಡುಗನೊಬ್ಬ ಹೀಗೆ ಮಾಡಿ, ತನಗಿಂತ ಹಿಂದಿನ ರ‍್ಯಾಂಕಿನವರಿಗೆ ಸಿಕ್ಕ ಕಾಲೇಜನ್ನು ಕಳೆದುಕೊಂಡ. ಆ ಕಾಲೇಜು ಅವನ ಪಟ್ಟಿಯಲ್ಲೇ ಇತ್ತು, ಕೆಳಗೆ.

ಹಾಗಾದರೆ ಕಟಾಫ್ ಯಾಕೆ ನೋಡಬೇಕು? ಪಟ್ಟಿ ಎಷ್ಟು ಉದ್ದ ಇರಬೇಕು ಅಂತ ತಿಳಿಯಲು. ಹಿಂದಿನ ಎರಡು ಮೂರು ವರ್ಷದ ಮೊದಲ ಸುತ್ತು ಮತ್ತು ಕೊನೆಯ ಸುತ್ತಿನ ಅಂಕಿ ಎರಡನ್ನೂ ನೋಡಿ. ಅಂಕ ಹೋಲಿಸಬೇಡಿ, ರ‍್ಯಾಂಕ್ ಹೋಲಿಸಿ. ಪ್ರಶ್ನೆಪತ್ರಿಕೆ ಸುಲಭವಾದ ವರ್ಷ, ಕಷ್ಟವಾದ ವರ್ಷ ಅಂತ ಅಂಕದ ಬೆಲೆ ಏರಿಳಿಯುತ್ತದೆ. ಕೆಇಎ ಕಟಾಫ್ ಪಟ್ಟಿಯಲ್ಲಿ ಜಿಎಂ, ಜಿಎಂಆರ್, 2ಎಜಿ, 2ಎಕೆ ಎಂಬ ಸಂಕೇತಗಳು ಕಾಣುತ್ತವೆ. ಜಿಎಂ ಅಂದರೆ ಸಾಮಾನ್ಯ ವರ್ಗ. ಕೊನೆಯಲ್ಲಿ ಆರ್ ಇದ್ದರೆ ಗ್ರಾಮೀಣ, ಕೆ ಇದ್ದರೆ ಕನ್ನಡ ಮಾಧ್ಯಮ, ಜಿ ಇದ್ದರೆ ಆ ವರ್ಗದ ಸಾಮಾನ್ಯ ಸೀಟು. ನಿಮಗೆ ಸಂಬಂಧಿಸಿದ ಸಾಲನ್ನು ಮಾತ್ರ ನೋಡಿ.

ಇನ್ನೊಂದು ಬಲೆ ಶುಲ್ಕದ್ದು. ಕೆಇಎ ಪಟ್ಟಿಯಲ್ಲಿ ಒಂದೇ ಖಾಸಗಿ ಕಾಲೇಜು ಎರಡು ಮೂರು ಸಲ ಬರುತ್ತದೆ, ಪ್ರತಿ ಸಲವೂ ಬೇರೆ ಶುಲ್ಕ. ಸರ್ಕಾರಿ ಕಾಲೇಜಿನ ಸೀಟಿಗೆ ವರ್ಷಕ್ಕೆ ಅಂದಾಜು 60 ಸಾವಿರ ರೂಪಾಯಿ ಆಸುಪಾಸು. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೆ ಒಂದೂವರೆ ಲಕ್ಷದ ಹತ್ತಿರ. ಅದೇ ಕಾಲೇಜಿನ ಖಾಸಗಿ ಕೋಟಾ ಸೀಟಿಗೆ 10 ಲಕ್ಷಕ್ಕೂ ಮೇಲೆ. ಎನ್‌ಆರ್‌ಐ ಮತ್ತು ಇತರೆ ಎಂಬ ಹೆಸರಿನ ಸೀಟುಗಳು ಅದಕ್ಕಿಂತಲೂ ದುಬಾರಿ. ಕಾಲೇಜಿನ ಹೆಸರು ನೋಡಿ ಖುಷಿಯಿಂದ ಸೇರಿಸಿ, ಸೀಟು ಬಂದ ಮೇಲೆ ಶುಲ್ಕ ನೋಡಿ ಬೆಚ್ಚಿದವರಿದ್ದಾರೆ. ಪ್ರತಿ ಸಾಲಿನ ಮುಂದೆ ಶುಲ್ಕ ಬರೆದುಕೊಂಡೇ ಸೇರಿಸಿ. ಹಾಸ್ಟೆಲ್, ಇತರೆ ಶುಲ್ಕ ಬೇರೆ. ಎಂಬಿಬಿಎಸ್ ನಾಲ್ಕೂವರೆ ವರ್ಷದ ಓದು, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಒಂದು ವರ್ಷದ ಲೆಕ್ಕ ಹಾಕಿ ಸುಮ್ಮನಾಗಬೇಡಿ.

ಬೇರೆ ರಾಜ್ಯದ ಕಾಲೇಜು ಸೇರಿಸುವವರು ಬಾಂಡ್ ನೋಡಿಕೊಳ್ಳಿ. ಓದು ಮುಗಿದ ಮೇಲೆ ಇಂತಿಷ್ಟು ವರ್ಷ ಸರ್ಕಾರಿ ಸೇವೆ ಮಾಡಬೇಕು, ಇಲ್ಲವೇ ದಂಡ ಕಟ್ಟಬೇಕು ಅನ್ನೋ ಒಪ್ಪಂದ ಅದು. ನಡುವೆ ಓದು ಬಿಟ್ಟರೂ ಕೆಲವು ಕಡೆ ದಂಡ ಇದೆ. ರಾಜ್ಯದಿಂದ ರಾಜ್ಯಕ್ಕೆ ಇದು ಬದಲಾಗುತ್ತದೆ.

ಪಟ್ಟಿಯ ಬಗ್ಗೆ ನನ್ನ ನಿಯಮ ಎರಡೇ. ನಿಜವಾದ ಇಷ್ಟದ ಕ್ರಮದಲ್ಲಿ ಬರೆಯಿರಿ. ಸಿಕ್ಕರೆ ಸೇರುವುದಿಲ್ಲ ಅನ್ನುವ ಒಂದು ಕಾಲೇಜನ್ನೂ ಬರೆಯಬೇಡಿ. ಕೆಇಎ ಮೊದಲು ಅಣಕು ಸೀಟು ಹಂಚಿಕೆ ಪ್ರಕಟಿಸುತ್ತದೆ, ಅಂದರೆ ಈ ಪಟ್ಟಿಗೆ ಏನು ಸಿಗಬಹುದು ಅಂತ ತೋರಿಸುವ ಪೂರ್ವಾಭ್ಯಾಸ. ಅದರಲ್ಲಿ ಬಂದದ್ದು ಸೀಟಲ್ಲ, ಸಿಹಿ ಹಂಚಬೇಡಿ. ಏನೂ ಬರದಿದ್ದರೆ ಅಳಲೂ ಬೇಡಿ, ಪಟ್ಟಿ ಉದ್ದ ಮಾಡಿ. ಎಂಸಿಸಿಯಲ್ಲಿ ಕೊನೆಯ ಗಂಟೆಗೆ ಪಟ್ಟಿ ತಾನೇ ಲಾಕ್ ಆಗುತ್ತದೆ. ಪ್ರತಿ ಸುತ್ತಿಗೂ ಅಲ್ಲಿ ಹೊಸದಾಗಿ ಪಟ್ಟಿ ತುಂಬಬೇಕು, ಮೊದಲ ಸುತ್ತಿನದು ಎರಡನೆಯದಕ್ಕೆ ಬರುವುದಿಲ್ಲ.

ಹಂತ 5: ಸೀಟು ಬಂತು, ಈಗ ಏನು ಒತ್ತಬೇಕು?

ಕೆಇಎಯಲ್ಲಿ ಸೀಟು ಹಂಚಿಕೆ ಆದ ಮೇಲೆ ನಾಲ್ಕು ಛಾಯ್ಸ್ ಕೊಡುತ್ತಾರೆ.

ಛಾಯ್ಸ್ 1: ಈ ಸೀಟು ಸಾಕು. ಶುಲ್ಕ ಕಟ್ಟಿ ಕಾಲೇಜಿಗೆ ಸೇರುತ್ತೇನೆ, ಮುಂದಿನ ಸುತ್ತು ಬೇಡ.
ಛಾಯ್ಸ್ 2: ಇದು ಇರಲಿ, ನನ್ನ ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದು ಸಿಕ್ಕರೆ ಕೊಡಿ.
ಛಾಯ್ಸ್ 3: ಇದು ಬೇಡ, ಆದರೆ ಮುಂದಿನ ಸುತ್ತಿನಲ್ಲಿ ಇರುತ್ತೇನೆ.
ಛಾಯ್ಸ್ 4: ನನಗೆ ಇಲ್ಲಿ ಏನೂ ಬೇಡ.

ಛಾಯ್ಸ್ 2ರಲ್ಲಿ ಮೇಲಿನ ಸೀಟು ಸಿಕ್ಕ ಕ್ಷಣ ಹಳೆಯದು ಬೇರೆಯವರಿಗೆ ಹೋಗುತ್ತದೆ. "ಹೊಸದು ಬೇಡ, ಹಳೆಯದೇ ಕೊಡಿ" ಅಂದರೆ ಆಗುವುದಿಲ್ಲ. ಪಟ್ಟಿಯ ಕ್ರಮ ನಿಜವಾದ ಇಷ್ಟದ್ದಾಗಿರಲಿ ಅಂದಿದ್ದು ಇದಕ್ಕೂ ಅನ್ವಯ. ಛಾಯ್ಸ್ 3 ಒತ್ತುವವರು ಧೈರ್ಯಸ್ಥರು, ಮುಂದೆ ಏನೂ ಸಿಗದೆಯೂ ಹೋಗಬಹುದು. ವೈದ್ಯಕೀಯ ಸೀಟಿನ ವಿಷಯದಲ್ಲಿ ನಾನಂತೂ ಯಾರಿಗೂ ಅದನ್ನು ಸಲಹೆ ಮಾಡಿಲ್ಲ. ಯಾವ ಛಾಯ್ಸಿಗೆ ಯಾವಾಗ ಎಷ್ಟು ಹಣ ಕಟ್ಟಬೇಕು ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗಿದೆ, ಆ ಸುತ್ತಿನ ಪ್ರಕಟಣೆಯನ್ನು ಪೂರ್ತಿ ಓದಿಯೇ ಒತ್ತಿ. ಗಡುವಿನೊಳಗೆ ಏನನ್ನೂ ಒತ್ತದೆ ಕೂತರೆ ಸೀಟು ಕೈತಪ್ಪುತ್ತದೆ.

ಎಂಸಿಸಿಯಲ್ಲಿ ಛಾಯ್ಸ್ ಸಂಖ್ಯೆಗಳಿಲ್ಲ. ಸಿಕ್ಕ ಕಾಲೇಜಿಗೆ ಹೋಗಿ ಸೇರಬೇಕು, ಸೇರುವಾಗ "ಅಪ್‌ಗ್ರೇಡ್ ಬೇಕಾ" ಅಂತ ಕೇಳುತ್ತಾರೆ. ಬೇಕು ಅಂದರೆ ಮಾತ್ರ ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಪರಿಗಣನೆ. ಇಲ್ಲೂ ಅಷ್ಟೇ, ಮೇಲಿನದು ಸಿಕ್ಕರೆ ಹಳೆಯದು ತಾನೇ ರದ್ದು.

ಹಂತ 6: ಯಾವಾಗ ಬಿಡಬಹುದು, ಯಾವಾಗ ಬಿಡಬಾರದು

ಎಂಸಿಸಿಯಲ್ಲಿ ನಾಲ್ಕು ಸುತ್ತು. ಮೊದಲ ಸುತ್ತಿನಲ್ಲಿ ಸೀಟು ಬಂದು ನೀವು ಸೇರದಿದ್ದರೆ ಏನೂ ನಷ್ಟವಿಲ್ಲ, ಠೇವಣಿ ಉಳಿಯುತ್ತದೆ. ಎರಡನೇ ಸುತ್ತಿನಲ್ಲಿ ಬಿಟ್ಟರೆ ಠೇವಣಿ ಹೋಗುತ್ತದೆ. ಮೂರನೇ ಸುತ್ತಿನಲ್ಲಿ ಸೇರಿದರೆ ಆ ಸೀಟಿಗೆ ರಾಜೀನಾಮೆ ಕೊಡುವ ಹಾಗಿಲ್ಲ, ಸೇರದಿದ್ದರೆ ಠೇವಣಿ ಇಲ್ಲ. ಕೊನೆಯದು ಸ್ಟ್ರೇ ರೌಂಡ್, ಉಳಿದ ಚಿಲ್ಲರೆ ಸೀಟುಗಳ ಹಂಚಿಕೆ. ಅಲ್ಲಿ ಸೀಟು ಬಂದೂ ಸೇರದಿದ್ದರೆ ಠೇವಣಿಯ ಜೊತೆ ಮುಂದಿನ ವರ್ಷದ ನೀಟ್ ಬರೆಯುವ ಅವಕಾಶವೂ ಹೋಗುತ್ತದೆ. ಇನ್ನೊಮ್ಮೆ ಬರೆಯುವ ಯೋಚನೆ ಇರುವವರು ಸ್ಟ್ರೇ ರೌಂಡಿನಲ್ಲಿ ಆಟಕ್ಕೆಂದು ಕಾಲೇಜು ತುಂಬಬಾರದು.

ಎಂಸಿಸಿ ಮತ್ತು ಕೆಇಎ ಎರಡರಲ್ಲೂ ಸೀಟು ಬಂದರೆ? ಮೊದಲ ಸುತ್ತಿನಲ್ಲಿ ತೊಂದರೆ ಇಲ್ಲ, ಯೋಚಿಸಿ ಒಂದನ್ನು ಹಿಡಿಯಿರಿ. ಎರಡನೇ ಸುತ್ತಿನಿಂದ ಮುಂದೆ ಸೇರಿದವರ ಪಟ್ಟಿ ಕೇಂದ್ರ ಮತ್ತು ರಾಜ್ಯದ ನಡುವೆ ಹಂಚಿಕೆ ಆಗುತ್ತದೆ, ಎರಡು ದೋಣಿಯಲ್ಲಿ ಕಾಲಿಡಲು ಆಗುವುದಿಲ್ಲ. ಎಂಸಿಸಿ ಸೀಟು ಬಿಟ್ಟು ಕೆಇಎಗೆ ಬರುವುದಾದರೆ ಗಡುವಿನೊಳಗೆ ಕಾಲೇಜಿಗೇ ಹೋಗಿ ರಾಜೀನಾಮೆ ಕೊಟ್ಟು, ಅದನ್ನು ಎಂಸಿಸಿ ಪೋರ್ಟಲ್ ಮೂಲಕವೇ ದಾಖಲಿಸಿದ ಪತ್ರ ಪಡೆಯಿರಿ. ಬಾಯಿಮಾತು, ಬಿಳಿ ಹಾಳೆಯ ಅರ್ಜಿ ಇವೆರಡಕ್ಕೂ ಬೆಲೆ ಇಲ್ಲ.

ಮೊದಲು ಎಂಸಿಸಿಯ ಉಳಿದ ಸೀಟುಗಳು ಎರಡನೇ ಸುತ್ತಿನ ಬಳಿಕ ರಾಜ್ಯಕ್ಕೆ ವಾಪಸ್ ಬರುತ್ತಿದ್ದವು. ಈಗ ಬರುವುದಿಲ್ಲ, ಕೊನೆವರೆಗೂ ಎಂಸಿಸಿಯೇ ತುಂಬುತ್ತದೆ. "ಕಡೇಲಿ ಸರ್ಕಾರಿ ಸೀಟು ಸಾಕಷ್ಟು ವಾಪಸ್ ಬರ್ತವೆ, ಕಾಯಿರಿ" ಅನ್ನುವ ಹಳೇ ಸೀನಿಯರ್‌ಗಳ ಮಾತು ನಂಬಿ ಕೂರಬೇಡಿ.

ಹಂತ 7: ಫೋನ್ ಕರೆಗಳು

ಫಲಿತಾಂಶ ಬಂದ ಮರುದಿನದಿಂದ "ಸೀಟು ಬ್ಲಾಕ್ ಮಾಡಿಸಿ ಕೊಡ್ತೀವಿ, ಮುಂಗಡ ಕಳಿಸಿ" ಅನ್ನುವ ಕರೆ ಬರುತ್ತವೆ. ಕೌನ್ಸೆಲಿಂಗ್ ಹೊರಗೆ ಎಂಬಿಬಿಎಸ್ ಸೀಟು ಇಲ್ಲ. ಮ್ಯಾನೇಜ್‌ಮೆಂಟ್ ಸೀಟು ಅಂತ ಕರೆಯುವುದೂ ಕೆಇಎ ಅಥವಾ ಎಂಸಿಸಿ ಪಟ್ಟಿಯ ಮೂಲಕವೇ ಬರಬೇಕು. ಹಾಗಲ್ಲದ ಪ್ರವೇಶವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ ಒಪ್ಪುವುದಿಲ್ಲ. ನಿಮ್ಮ ಲಾಗಿನ್, ಪಾಸ್‌ವರ್ಡ್, ಒಟಿಪಿಗಳನ್ನು ಸೈಬರ್ ಸೆಂಟರಿನವರಿಗೂ ಬರೆದು ಕೊಟ್ಟು ಬರಬೇಡಿ. ಪಟ್ಟಿ ತುಂಬುವಾಗ ಪಕ್ಕದಲ್ಲೇ ಕೂತಿರಿ, ಆಮೇಲೆ ಪಾಸ್‌ವರ್ಡ್ ಬದಲಿಸಿ.

ಹಂತ 8: ಕಾಲೇಜಿನ ಬಾಗಿಲಲ್ಲಿ

ಕೊನೆಯ ದಿನಕ್ಕೆ ಉಳಿಸಬೇಡಿ. ಸಂಜೆ ಐದಕ್ಕೆ ಗಡುವು ಅಂದರೆ ಐದಕ್ಕೆ ಮುಗಿಯುತ್ತದೆ, ರೈಲು ತಡವಾಯಿತು ಅನ್ನುವುದು ಕಾರಣ ಅಲ್ಲ. ಕಾಲೇಜಿನ ವೆಬ್‌ಸೈಟಿನಲ್ಲಿ ಶುಲ್ಕ ಡಿಡಿಯಲ್ಲೋ ಆನ್‌ಲೈನಿನಲ್ಲೋ ಅಂತ ಹಿಂದಿನ ದಿನವೇ ನೋಡಿ. ಬ್ಯಾಂಕಿನ ದಿನದ ಮಿತಿ ಮೊದಲೇ ಏರಿಸಿಕೊಳ್ಳಿ, ದೊಡ್ಡ ಮೊತ್ತ ಅಲ್ಲೇ ಸಿಕ್ಕಿಹಾಕಿಕೊಳ್ಳುವುದು. ಮೂಲ ದಾಖಲೆ ಕೊಟ್ಟಾಗ ಯಾವ ಯಾವುದು ಕೊಟ್ಟೆವು ಎಂದು ಬರೆದ ಸ್ವೀಕೃತಿ ಪಡೆಯಿರಿ. ಎಂಸಿಸಿ ಸೀಟಾದರೆ ಪೋರ್ಟಲ್‌ನಿಂದ ಬರುವ ಅಡ್ಮಿಷನ್ ಲೆಟರ್ ಕೈಗೆ ಬಂದ ಮೇಲೆಯೇ ಹೊರಡಿ. ಅದು ಬಂದಿಲ್ಲ ಅಂದರೆ ನೀವು ಸೇರಿಲ್ಲ ಅಂತಲೇ ಲೆಕ್ಕ.

ಎಂಸಿಸಿ ಠೇವಣಿ ವಾಪಸ್ ಬರುವುದು ಕೌನ್ಸೆಲಿಂಗ್ ಎಲ್ಲ ಮುಗಿದ ಮೇಲೆ, ಅದೂ ಹಣ ಯಾವ ಖಾತೆಯಿಂದ ಹೋಗಿತ್ತೋ ಅದೇ ಖಾತೆಗೆ. ಹಾಗಾಗಿ ಸೈಬರ್ ಸೆಂಟರಿನವರ ಕಾರ್ಡ್, ಪಕ್ಕದ ಮನೆಯವರ ಫೋನ್ ಪೇ ಬೇಡ. ಅಪ್ಪ ಅಮ್ಮನ ಖಾತೆಯಿಂದಲೇ ಕಟ್ಟಿ, ಹಣ ಬರುವ ತನಕ ಆ ಖಾತೆ ಮುಚ್ಚಬೇಡಿ.